ಮೈಕ್ ಇಲ್ಲದ ಮುಂಬೈ ಬ್ಯಾಂಡು

ಮೈಕಿಲ್ಲ, ಸ್ಪೀಕರಿಲ್ಲ, ಟಿಕೆಟ್ಟೂ ಇಲ್ಲ.
ಆದರೂ ಬಯಲಲ್ಲಿ ನಿಂತವರಿಗೆಲ್ಲ ಬ್ಯಾಂಡ್ ಕೇಳಿಸಬೇಕು.
ಹೇಗೆ?

ಇಲ್ಲಿ ನೋಡಿ.
ಮುಂಬೈಯ ಕೂಪರೇಜ್ ಬ್ಯಾಂಡ್‌ಸ್ಟ್ಯಾಂಡ್, ಅಂದರೆ ಬ್ಯಾಂಡ್ ನುಡಿಸೋ ಮಂಟಪ.
ಕಟ್ಟಿದ್ದು 1867ರಲ್ಲಿ.

ಆ ಹೊತ್ತಿಗೆ ಹಳೇ ಕೋಟೆಯ ಗೋಡೆ ಕೆಡವಿದ್ದರು.
ಇಕ್ಕಟ್ಟಾಗಿದ್ದ ಊರಿಗೆ ಗಾಳಿ ಬಂತು, ಬಯಲು ಸಿಕ್ಕಿತು.
ಸಂಜೆ ಹೊತ್ತು ಹೋಗೋಕೆ ಏನಾದರೂ ಬೇಕಲ್ಲ?
ಬಂತು ಬ್ಯಾಂಡು!

ಈಗ ಮಂಟಪ ಗಮನಿಸಿ.
ಎತ್ತರದ ಕಟ್ಟೆ.
ಸುತ್ತ ಗೋಡೆಯೇ ಇಲ್ಲ, ಬರೀ ಕಂಬ.
ಮೇಲೊಂದು ಸೂರು.

ದೂರದವರನ್ನು ಕೂಗುವಾಗ ಬಾಯಿಗೆ ಕೈ ಅಡ್ಡ ಹಿಡೀತೀವಲ್ಲ,
ಸೂರಿನ ಕೆಲಸವೂ ಅದೇ.
ಆಕಾಶಕ್ಕೆ ಹಾರೋ ಸದ್ದನ್ನು ತಡೆದು ಜನರ ಕಡೆ ತಿರುಗಿಸುತ್ತೆ.
ಅದರಲ್ಲೂ ತುತ್ತೂರಿ, ಡ್ರಮ್ಮು.
ಮೈಕ್ ಯಾಕೆ ಬೇಕು ಹೇಳಿ!

ಎಲ್ಫಿನ್‌ಸ್ಟನ್ ಸರ್ಕಲ್ ತೋಟದಲ್ಲೂ,
ಅಂದರೆ ಇವತ್ತಿನ ಹಾರ್ನಿಮನ್ ಸರ್ಕಲ್ಲು,
ಸಂಜೆ ಬ್ಯಾಂಡ್ ನುಡೀತಿತ್ತು.
ಪಾರ್ಸಿಗಳಿಗಂತೂ ಅದು ಅಚ್ಚುಮೆಚ್ಚಿನ ಜಾಗ.



ಕೂಪರೇಜ್ ಮಂಟಪ ಇನ್ನೂ ನಿಂತಿದೆ.
ಚರ್ಚ್‌ಗೇಟಲ್ಲಿ ಇಳಿದು,
ಓವಲ್ ಮೈದಾನದ ಪಕ್ಕ ಹಾಗೇ ನಡೀರಿ, ಸಿಗುತ್ತೆ.