ಕಾಣದ ಎಳೆ ಕಡಿದಾಗ

ಕಣ್ಣಿಗೆ ಕಾಣುವ ವಸ್ತು ಕೆಟ್ಟರೆ ದೋಷವನ್ನು ಗುರುತಿಸುವುದು ಕಷ್ಟವಲ್ಲ. ಹಗ್ಗ ಹರಿದರೆ ಹರಿದ ಎಡೆ ಕಾಣುತ್ತದೆ; ಕೊಡ ಸೋರಿದರೆ ತೂತು ಸಿಕ್ಕುತ್ತದೆ. ಆದರೆ ವೈಫೈ ಎಂಬುದು ರೇಡಿಯೋ ಅಲೆಗಳಿಂದ ನೇಯ್ದ, ಕಾಣದ ಎಳೆ. ಆಟದ ನಡುವೆ ಅದು ಕಡಿದಾಗ ಆಟಗಾರನು ಒಮ್ಮೆ ಲ್ಯಾಪ್‌ಟಾಪನ್ನೂ ಒಮ್ಮೆ ರೂಟರನ್ನೂ ಮತ್ತೊಮ್ಮೆ ಸೇವೆ ಒದಗಿಸುವ ಸಂಸ್ಥೆಯನ್ನೂ ದೂಷಿಸುತ್ತಾನೆ. ದೂಷಿಸುವುದು ಸುಲಭ, ಕಾರಣವನ್ನು ಕಂಡುಹಿಡಿಯುವುದಕ್ಕೆ ಕ್ರಮ ಬೇಕು.

ಇದು ಕೇವಲ ವಿನೋದಕ್ಕೆ ಸಂಬಂಧಿಸಿದ ವಿಷಯವಲ್ಲ. ಕೋವಿಡ್ ಪಿಡುಗಿನ ಕಾರಣ 2020ರಲ್ಲಿ ಚೆಸ್ ಒಲಿಂಪಿಯಾಡ್ ಮೊದಲ ಬಾರಿಗೆ ಅಂತರಜಾಲದಲ್ಲಿ ನಡೆಯಿತು. ಕ್ವಾರ್ಟರ್ ಫೈನಲಿನಲ್ಲಿ ಭಾರತದ ನಿಹಾಲ್ ಸರೀನ್ ಅವರ ಎದುರಾಳಿಯಾಗಿದ್ದ ಆರ್ಮೇನಿಯದ ಆಟಗಾರನ ಸಂಪರ್ಕ ಕಡಿಯಿತು. ಗಡಿಯಾರ ನಿಲ್ಲಲಿಲ್ಲ, ಆತ ಸೋತನೆಂದು ನಿರ್ಣಯವಾಯಿತು. ಆರ್ಮೇನಿಯದ ಮನವಿ ತಿರಸ್ಕೃತವಾಗಿ, ಆ ತಂಡವು ಪಂದ್ಯಾವಳಿಯಿಂದಲೇ ಹಿಂದೆ ಸರಿಯಿತು. ಅದೇ ಪಂದ್ಯಾವಳಿಯ ಫೈನಲ್ ಆಗಸ್ಟ್ 30ರಂದು ಭಾರತಕ್ಕೂ ರಷ್ಯಕ್ಕೂ ನಡೆಯಿತು. ಆಗ ನಿಹಾಲ್ ಸರೀನ್ ಮತ್ತು ದಿವ್ಯಾ ದೇಶಮುಖ್ ಇವರ ಸಂಪರ್ಕವೇ ಕಡಿದು, ಕಾಲ ಮೀರಿ ಅವರು ಸೋತರು. ಆದರೆ ಆ ಹೊತ್ತಿನಲ್ಲಿ ಜಗತ್ತಿನ ಅನೇಕ ಕಡೆ ಅಂತರಜಾಲ ವ್ಯತ್ಯಯಗೊಂಡಿದ್ದುದು ತಿಳಿದುಬಂದುದರಿಂದ ಎರಡೂ ದೇಶಗಳನ್ನು ಜಂಟಿ ವಿಜೇತರೆಂದು ಸಾರಲಾಯಿತು. ಎರಡು ಸಂದರ್ಭಗಳಲ್ಲಿಯೂ ಕಡಿದದ್ದು ಸಂಪರ್ಕವೇ. ತೀರ್ಪು ಮಾತ್ರ ಬೇರೆ. ಎಳೆ ಎಲ್ಲಿ ಕಡಿಯಿತೆಂಬ ಪ್ರಶ್ನೆಯನ್ನು ನ್ಯಾಯವೇ ಅವಲಂಬಿಸಿತ್ತು.

ಚಲನಚಿತ್ರ ನೋಡುವಾಗ ತೋರದ ದೋಷ ಆಟದಲ್ಲಿ ಮಾತ್ರ ಏಕೆ ತೋರುತ್ತದೆ? ಹಂಡೆಯ ತುಂಬ ನೀರು ಹಿಡಿದಿಟ್ಟ ಮನೆಯಲ್ಲಿ ನಲ್ಲಿ ಅರೆಗಳಿಗೆ ನಿಂತರೂ ಯಾರಿಗೂ ತಿಳಿಯದು. ನಲ್ಲಿಗೆ ಬೊಗಸೆಯೊಡ್ಡಿ ಕುಡಿಯುತ್ತಿರುವವನಿಗೆ ಅದು ಕೂಡಲೆ ತಿಳಿಯುತ್ತದೆ. ಲ್ಯಾಪ್‌ಟಾಪು ಚಿತ್ರದ ಮುಂದಿನ ಭಾಗವನ್ನು ಮೊದಲೇ ತರಿಸಿಕೊಂಡು ಸಂಗ್ರಹಿಸಿಡುತ್ತದೆ. ಆಟದಲ್ಲಿ ಅಂಥ ಸಂಗ್ರಹ ಸಾಧ್ಯವಿಲ್ಲ. ಎದುರಾಳಿಯ ಮುಂದಿನ ನಡೆ ಇನ್ನೂ ಹುಟ್ಟಿಯೇ ಇರುವುದಿಲ್ಲ. ವೇಗದ ಆಟಗಳಲ್ಲಿ ನೂರು ಮಿಲಿಸೆಕೆಂಡು, ಎಂದರೆ ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ, ತಡವಾದರೂ ಆಟಗಾರನ ಅನುಭವಕ್ಕೆ ಬರುತ್ತದೆ.

ದೋಷಶೋಧನೆಯ ಮೊದಲ ಹೆಜ್ಜೆ, ದಾರಿಯನ್ನು ಎರಡಾಗಿ ಭಾಗಿಸುವುದು. ಲ್ಯಾಪ್‌ಟಾಪಿನಿಂದ ರೂಟರಿನವರೆಗಿನ ದಾರಿ ಮನೆಯೊಳಗಿನದು, ಅಲ್ಲಿಂದಾಚೆಯದು ಹೊರಗಿನದು. ಪಿಂಗ್ ಎಂಬ ಆದೇಶವು ಇನ್ನೊಂದು ಯಂತ್ರವನ್ನು ಕೂಗಿ ಕರೆದು, ಅದು ಓಗೊಡಲು ತೆಗೆದುಕೊಂಡ ಕಾಲವನ್ನು ಅಳೆಯುತ್ತದೆ. ಆಟ ನಡೆಯುತ್ತಿರುವಾಗಲೇ ರೂಟರನ್ನೂ ಹೊರಗಿನದೊಂದು ವಿಳಾಸವನ್ನೂ ಹೀಗೆ ಕೂಗುತ್ತಿರಬೇಕು. ರೂಟರಿನ ಉತ್ತರವೇ ತಪ್ಪಿದರೆ ದೋಷವನ್ನು ಮನೆಯೊಳಗೆ ಹುಡುಕಬೇಕು. ರೂಟರ್ ತಪ್ಪದೆ ಓಗೊಡುತ್ತಿದ್ದು, ಹೊರಗಿನ ಉತ್ತರ ಮಾತ್ರ ತಪ್ಪಿದರೆ ದೋಷವು ವೈಫೈಯನ್ನು ದಾಟಿ ಆಚೆಗಿದೆಯೆಂದು ತಿಳಿಯಬೇಕು. ಲ್ಯಾಪ್‌ಟಾಪನ್ನು ತಂತಿಯಿಂದ ರೂಟರಿಗೆ ಜೋಡಿಸಿ ಆಡಿ ನೋಡುವುದು ಇನ್ನೊಂದು ಪರೀಕ್ಷೆ. ತಂತಿಯಲ್ಲಿ ತೊಂದರೆ ಮಾಯವಾದರೆ ಶಂಕೆ ವೈಫೈಯ ಮೇಲೆಯೇ ನಿಲ್ಲುತ್ತದೆ.

ಮನೆಯೊಳಗಿನ ಗಾಳಿಯೂ ತೆರವಾದ ಬಯಲಲ್ಲ. 2.4 ಗಿಗಾಹರ್ಟ್ಸ್ ಆವೃತ್ತಿಯ ಅಲೆಗಳನ್ನು ವೈಫೈಯಂತೆ ಬ್ಲೂಟೂತ್ ಸಾಧನಗಳೂ ಬಳಸುತ್ತವೆ. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ ಸುಮಾರು 2.45 ಗಿಗಾಹರ್ಟ್ಸಿನಲ್ಲಿಯೇ ಕೆಲಸಮಾಡುತ್ತದೆ. ಈ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸಬಹುದಾದ ಚಾನೆಲುಗಳು ಮೂರೇ: 1, 6 ಮತ್ತು 11. ಒಂದೇ ಕಟ್ಟಡದಲ್ಲಿ ಹತ್ತಾರು ಮನೆಗಳಿರುವ ನಗರಗಳಲ್ಲಿ ಸಂತೆಯ ಗದ್ದಲದೊಳಗೆ ಪಿಸುಮಾತನಾಡಿದಂತೆ ಸಂದೇಶಗಳು ಕಳೆದುಹೋಗುತ್ತವೆ. 5 ಗಿಗಾಹರ್ಟ್ಸಿನಲ್ಲಿ ಚಾನೆಲುಗಳು ಹೆಚ್ಚು, ಗದ್ದಲ ಕಡಿಮೆ. ಆದರೆ ಆ ಅಲೆಗಳು ಗೋಡೆಯನ್ನು ದಾಟುವಾಗ ಬೇಗ ಕ್ಷೀಣಿಸುತ್ತವೆ. ಅಲ್ಲಿನ ಕೆಲವು ಚಾನೆಲುಗಳಲ್ಲಿ ರೇಡಾರಿನ ಸುಳಿವು ಸಿಕ್ಕೊಡನೆ ರೂಟರ್ ಆ ಚಾನೆಲನ್ನು ಬಿಟ್ಟುಕೊಡಬೇಕೆಂಬ ನಿಯಮವಿದೆ. ಹಠಾತ್ತಾದ ಕಡಿತಕ್ಕೆ ಅದೂ ಕಾರಣವಾಗಬಹುದು. ಆದುದರಿಂದ ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಅಡಗಿಸದೆ, ಮನೆಯ ನಡುವೆ ಎತ್ತರದಲ್ಲಿ ಇಡುವುದು ಲೇಸು. ಆಡುವ ಕೋಣೆ ರೂಟರಿಗೆ ಹತ್ತಿರವಿದ್ದರೆ 5 ಗಿಗಾಹರ್ಟ್ಸನ್ನೇ ಆರಿಸಿಕೊಳ್ಳಬೇಕು.

ಅಲೆಗಳು ಚೆನ್ನಾಗಿದ್ದರೂ ಆಟ ತಡವರಿಸುವುದುಂಟು. ಮನೆಯವರೊಬ್ಬರು ಮದುವೆಯ ಚಿತ್ರಗಳನ್ನೆಲ್ಲ ಒಟ್ಟಿಗೆ ಕಳುಹಿಸತೊಡಗಿದರೆ ರೂಟರಿನಲ್ಲಿ ಸಾಲು ಬೆಳೆಯುತ್ತದೆ. ಆಟದ ಪುಟ್ಟ ಸಂದೇಶವೂ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ಇನ್ನು ಲ್ಯಾಪ್‌ಟಾಪಿನದೇ ದೋಷಗಳಿವೆ. ಬ್ಯಾಟರಿಯನ್ನು ಉಳಿಸಲೆಂದು ವೈಫೈ ಭಾಗವನ್ನು ಆಗಾಗ ತೂಕಡಿಸಲು ಬಿಡುವ ವ್ಯವಸ್ಥೆಯೊಂದು. ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಹಳತಾಗಿರುವುದು ಇನ್ನೊಂದು. ನಿಯತವಾದ ಅಂತರದಲ್ಲಿ ಕ್ಷಣಮಾತ್ರ ತಡೆಯಾಗುತ್ತಿದ್ದರೆ, ಲ್ಯಾಪ್‌ಟಾಪು ಸುತ್ತಲಿನ ಬೇರೆ ಜಾಲಗಳನ್ನು ಹುಡುಕುತ್ತಿರಬಹುದೆಂದು ಊಹಿಸಲು ಅವಕಾಶವಿದೆ.

ಕಡಿತದ ಹೊತ್ತನ್ನು ಬರೆದಿಟ್ಟುಕೊಳ್ಳುವುದು ಈ ಶೋಧನೆಗೆ ತುಂಬ ಸಹಾಯಕ. ಅಡಿಗೆಯ ಹೊತ್ತಿಗೆ ಮಾತ್ರ ಕಡಿದರೆ ಅದೊಂದು ಸುಳಿವು. ಬ್ಯಾಟರಿಯಲ್ಲಿ ಆಡುವಾಗ ಮಾತ್ರ ಕಡಿದರೆ ಅದು ಬೇರೊಂದು ಸುಳಿವು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲವನ್ನು ಕಾಯಬೇಕು. ಹತ್ತು ಮದ್ದುಗಳನ್ನು ಒಟ್ಟಿಗೆ ಕೊಟ್ಟ ವೈದ್ಯನಿಗೆ ರೋಗ ವಾಸಿಯಾದರೂ ಅದು ಯಾವ ಮದ್ದಿನಿಂದ ವಾಸಿಯಾಯಿತೆಂದು ತಿಳಿಯದು. ಪಾಠ, ಪರೀಕ್ಷೆ, ವೈದ್ಯರ ಸಲಹೆ ಎಲ್ಲವೂ ಇಂದು ಇದೇ ಕಾಣದ ಎಳೆಯ ಮೇಲೆ ಸಾಗುತ್ತಿವೆ. ಆಟದ ನೆಪದಲ್ಲಿ ಈ ಕ್ರಮವನ್ನು ಕಲಿತವನು ನಾಳೆ ಅವುಗಳಲ್ಲಿ ಯಾವುದಕ್ಕೆ ತಡೆಯುಂಟಾದರೂ, ತಪ್ಪನ್ನು ಯಾರ ಮೇಲೂ ಸುಮ್ಮನೆ ಹೊರಿಸದೆ, ಮೊದಲು ಪ್ರಮಾಣವನ್ನು ಹುಡುಕುತ್ತಾನೆ.