ಯಾವ ಕಡೆ ತಿರುಗುತ್ತದೋ ಯಾರಿಗೆ ಗೊತ್ತು!

ಸಾಮಾನ್ಯ ರೋಲರ್ ಕೋಸ್ಟರ್ ಹತ್ತಿದವರಿಗೆ ಒಂದು ಧೈರ್ಯವಿರುತ್ತದೆ. ಗಾಡಿ ಎಷ್ಟೇ ಜೋರಾಗಿ ಓಡಲಿ, ಮುಂದಿನ ಏರು, ಇಳಿಜಾರು, ತಿರುವು ಕಣ್ಣಿಗೆ ಬೀಳುತ್ತವೆ. ಸರಳನ್ನು ಗಟ್ಟಿಯಾಗಿ ಹಿಡಿದು ಮೈ ಬಿಗಿ ಮಾಡಿಕೊಳ್ಳಲು ಅರೆಕ್ಷಣವಾದರೂ ಸಿಗುತ್ತದೆ. ಸ್ಪಿನ್ನಿಂಗ್ ಕೋಸ್ಟರ್ ಆ ಅರೆಕ್ಷಣವನ್ನೂ ಕಸಿದುಕೊಳ್ಳುತ್ತದೆ. ಚಕ್ರಗಳೇನೋ ಹಳಿ ಬಿಡದೆ ಓಡುತ್ತವೆ. ಆದರೆ ಅವುಗಳ ಮೇಲಿನ ಆಸನಗಳು ನಡುವಿನ ಒಂದು ದೊಡ್ಡ ಬೇರಿಂಗ್ ಮೇಲೆ ತಮ್ಮಷ್ಟಕ್ಕೆ ತಾವೇ ಗಿರಗಿರನೆ ತಿರುಗುತ್ತಿರುತ್ತವೆ. ಇಳಿಜಾರಿಗೆ ಮುಖ ಕೊಟ್ಟು ಬೀಳುತ್ತೀರೋ, ಬೆನ್ನು ಕೊಟ್ಟು ಬೀಳುತ್ತೀರೋ, ಹತ್ತುವಾಗ ಹೇಳಲು ಬರುವುದಿಲ್ಲ. ಅದನ್ನು ಕಟ್ಟಿದ ಎಂಜಿನಿಯರಿಗೂ ಹೇಳಲು ಬರುವುದಿಲ್ಲ.

ಅಮೆರಿಕದ ಮಿಸೌರಿ ರಾಜ್ಯದ ಬ್ರಾನ್ಸನ್‌ನಲ್ಲಿರುವ ಸಿಲ್ವರ್ ಡಾಲರ್ ಸಿಟಿಯಲ್ಲಿ 2018ರಲ್ಲಿ ಶುರುವಾದ ‘ಟೈಮ್ ಟ್ರಾವೆಲರ್’ ಈ ಜಾತಿಯ ಕೋಸ್ಟರ್‌ಗಳಲ್ಲಿ ತುಂಬ ಹೆಸರು ಮಾಡಿದ್ದು. ಕಟ್ಟಿದ್ದು ಜರ್ಮನಿಯ ಮ್ಯಾಕ್ ರೈಡ್ಸ್ ಕಂಪನಿ. ವೆಚ್ಚ 2.6 ಕೋಟಿ ಡಾಲರ್. ಹಳಿಯ ಉದ್ದ ಸುಮಾರು 920 ಮೀಟರ್, ಗರಿಷ್ಠ ವೇಗ ಗಂಟೆಗೆ ಸುಮಾರು 81 ಕಿಲೋಮೀಟರ್. ಬೇರೆ ಕೋಸ್ಟರ್‌ಗಳಲ್ಲಿ ಮೊದಲು ಟಕಟಕ ಸದ್ದು ಮಾಡುವ ಸರಪಳಿ ಗಾಡಿಯನ್ನು ನಿಧಾನವಾಗಿ ಮೇಲಕ್ಕೆಳೆಯುತ್ತದೆ, ಜನ ಅಷ್ಟರಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಾರೆ. ಇಲ್ಲಿ ಆ ಪುರಸೊತ್ತಿಲ್ಲ. ನಿಲ್ದಾಣವೇ ಎತ್ತರದಲ್ಲಿದೆ. ಹೊರಬಿದ್ದ ಕೂಡಲೇ 90 ಅಡಿ ನೆಟ್ಟಗೆ ಕೆಳಕ್ಕೆ ಬೀಳುತ್ತದೆ. ಆಮೇಲೆ ಮೂರು ಕಡೆ ತಲೆಕೆಳಗಾಗುತ್ತದೆ. ಇಷ್ಟೂ ಹೊತ್ತು ಆಸನಗಳು ತಿರುಗುತ್ತಲೇ ಇರುತ್ತವೆ. ಒಂದೇ ಗಾಡಿಯಲ್ಲಿ ಕೂತ ನಾಲ್ವರಲ್ಲಿ ಒಬ್ಬರಿಗೆ ನೆಲ ಕಂಡರೆ ಇನ್ನೊಬ್ಬರಿಗೆ ಆಕಾಶ ಕಾಣುತ್ತದೆ.

ಇದು ಇಂದು ನಿನ್ನೆಯ ಆಟವೇನಲ್ಲ. ನ್ಯೂಯಾರ್ಕಿನ ಕೋನಿ ಐಲೆಂಡ್‌ನ ಲೂನಾ ಪಾರ್ಕ್‌ನಲ್ಲಿ 1908ರಲ್ಲೇ ಹೆನ್ರಿ ರೀಲ್ ಎಂಬಾತ ‘ವರ್ಜೀನಿಯಾ ರೀಲ್’ ಎಂಬ ಸವಾರಿ ಕಟ್ಟಿದ್ದ. ದೊಡ್ಡ ತೊಟ್ಟಿಯಂಥ ದುಂಡನೆಯ ಗಾಡಿಯೊಳಗೆ ಜನ ಒಬ್ಬರ ಮುಖ ಒಬ್ಬರು ನೋಡುತ್ತ ಸುತ್ತ ಕೂರುತ್ತಿದ್ದರು. ಸರಪಳಿ ಮೇಲಕ್ಕೆಳೆದು ಬಿಟ್ಟರೆ ಗಾಡಿ ಅಂಕುಡೊಂಕು ದಾರಿಯಲ್ಲಿ ಇಳಿಯುತ್ತ ಪ್ರತಿ ತಿರುವಿನಲ್ಲೂ ಬುಡುಗ್ಗನೆ ಸುತ್ತುತ್ತಿತ್ತು. ಹೆಂಗಸರು, ಗಂಡಸರು, ಪರಿಚಯವೇ ಇಲ್ಲದವರು ಒಬ್ಬರ ಮೇಲೊಬ್ಬರು ವಾಲಿ ಬೀಳುವುದೇ ಆ ಕಾಲಕ್ಕೆ ದೊಡ್ಡ ಮಜಾ. ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ 1922ರಲ್ಲಿ ಕಟ್ಟಿದ ವರ್ಜೀನಿಯಾ ರೀಲ್ 1982ರವರೆಗೂ ಓಡಿತು. ಅದನ್ನು ಕಳಚಿದಾಗ ಅರವತ್ತು ವರ್ಷದ ಒಂದು ಪರಂಪರೆಯೇ ಹೋಯಿತು. ಅಂಥದ್ದೊಂದನ್ನು ಉಳಿಸಿಕೊಳ್ಳಬೇಕಿತ್ತು.

ಮುಂದೆ 1990ರ ದಶಕದ ಕೊನೆಯಲ್ಲಿ ಫ್ರಾನ್ಸಿನ ರೆವರ್ಷಾನ್ ಕಂಪನಿ ಸಣ್ಣ ಜಾಗದಲ್ಲಿ ಕೂರುವ ಸ್ಪಿನ್ನಿಂಗ್ ಕೋಸ್ಟರ್‌ಗಳನ್ನು ಮಾಡಿ ಮಾರತೊಡಗಿತು. 2002ರಲ್ಲಿ ಜರ್ಮನಿಯ ಫ್ಯಾಂಟಾಸಿಯಾಲ್ಯಾಂಡ್‌ಗೆ ಮೌರರ್ ಕಂಪನಿ ಕಟ್ಟಡದೊಳಗೇ ಓಡುವ ಎರಡು ‘ವಿಂಜಾಸ್’ ಕೋಸ್ಟರ್‌ಗಳನ್ನು ಕಟ್ಟಿಕೊಟ್ಟಿತು. ಅದುವರೆಗೆ ಗಾಡಿಗಳು ಒಂದೊಂದಾಗಿ ಹೋಗುತ್ತಿದ್ದವು. 2007ರಲ್ಲಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರ್ರಿ ಫಾರ್ಮ್‌ನಲ್ಲಿ ಬಂದ ‘ಸಿಯೆರಾ ಸೈಡ್‌ವೈಂಡರ್’ ತಿರುಗುವ ಗಾಡಿಗಳನ್ನೇ ರೈಲಿನ ಬೋಗಿಗಳ ಹಾಗೆ ಜೋಡಿಸಿತು. ಅದೂ ಮ್ಯಾಕ್ ಕಂಪನಿಯದೇ.

ಆಸನವನ್ನು ತಿರುಗಿಸಲು ಮೋಟಾರ್ ಇದೆಯೆಂದು ಹಲವರು ತಿಳಿದಿರುತ್ತಾರೆ. ಬಹುಪಾಲು ಸ್ಪಿನ್ನಿಂಗ್ ಕೋಸ್ಟರ್‌ಗಳಲ್ಲಿ ಮೋಟಾರ್ ಇಲ್ಲ. ತಿರುಗಿಸುವುದು ಕೂತವರ ತೂಕ. ಒಂದು ಪಕ್ಕದಲ್ಲಿ ದಪ್ಪನೆಯ ಅಪ್ಪ, ಇನ್ನೊಂದು ಪಕ್ಕದಲ್ಲಿ ಎಂಟು ವರ್ಷದ ಮಗಳು ಕೂತರು ಎನ್ನಿ. ಭಾರದ ಕೇಂದ್ರ ಬೇರಿಂಗ್‌ನ ನಡುವಿನಿಂದ ಅಪ್ಪನ ಕಡೆಗೆ ಸರಿಯುತ್ತದೆ. ಗಾಡಿ ಬಲಕ್ಕೆ ತಿರುಗಿದಾಗ ಭಾರದ ಬದಿ ಎಡಕ್ಕೆ, ಅಂದರೆ ತಿರುವಿನ ಹೊರಮಗ್ಗುಲಿಗೆ, ಬೀಸಿಕೊಂಡು ಹೋಗುತ್ತದೆ. ಮರುಕ್ಷಣವೇ ಹಳಿ ಎಡಕ್ಕೆ ತಿರುಗಿದರೆ ಅದು ಮತ್ತೆ ಬಲಕ್ಕೆ ಹಾರಬೇಕು. ಈ ಎರಡನೆಯ ತಳ್ಳು, ಉಯ್ಯಾಲೆಯನ್ನು ಹದವಾದ ಹೊತ್ತಿಗೆ ದೂಡಿದಂತೆ, ಮೊದಲಿನ ಸುತ್ತಿಗೆ ಕೂಡಿಕೊಂಡರೆ ವೇಗ ಏರುತ್ತದೆ. ಎದುರಾದರೆ ಸುತ್ತು ಅಲ್ಲೇ ಸತ್ತುಹೋಗುತ್ತದೆ. ಹಳಿ ಅದೇ, ವೇಗವೂ ಹೆಚ್ಚುಕಡಿಮೆ ಅದೇ. ಆದರೂ ಎರಡು ಸಲ ಹತ್ತಿದರೆ ಎರಡೂ ಬೇರೆ ಬೇರೆ ಸವಾರಿ.

ಈ ಹೇಳಲಾಗದ ಗುಣವನ್ನು ಭೌತವಿಜ್ಞಾನಿಗಳೂ ಗಂಭೀರವಾಗಿಯೇ ನೋಡಿದ್ದಾರೆ. ಹರ್ಬರ್ಟ್ ಸೆಲ್ನರ್ 1926ರಲ್ಲಿ ಕಂಡುಹಿಡಿದ ‘ಟಿಲ್ಟ್-ಎ-ವರ್ಲ್’ ಎಂಬ ಸವಾರಿಯಲ್ಲಿ ಏರುತಗ್ಗಿನ ವೇದಿಕೆ ಸುತ್ತುತ್ತದೆ, ಅದರ ಮೇಲೆ ಗಾಡಿಗಳು ಮನಬಂದಂತೆ ತಿರುಗುತ್ತವೆ. ರಿಚರ್ಡ್ ಕೌಟ್ಸ್ ಮತ್ತು ಬ್ರೆಟ್ ಹಗರ್ಡ್ 1994ರಲ್ಲಿ ಅದರ ಚಲನೆಯನ್ನು ಲೆಕ್ಕಹಾಕಿ ಪ್ರಬಂಧ ಪ್ರಕಟಿಸಿದರು. ವೇದಿಕೆ ತೀರಾ ನಿಧಾನವಾದರೆ ಗಾಡಿ ಲೆಕ್ಕಕ್ಕೆ ಸಿಗುತ್ತದೆ, ತೀರಾ ಜೋರಾದರೆ ಹೊರಬದಿಗೆ ಒತ್ತಿಕೊಂಡು ನಿಂತುಬಿಡುತ್ತದೆ. ನಡುವಿನ ವೇಗದಲ್ಲಿ ಮಾತ್ರ ಅದು ಯಾರ ಊಹೆಗೂ ಸಿಗುವುದಿಲ್ಲ. ಮೈಸೂರು ದಸರಾ ವಸ್ತುಪ್ರದರ್ಶನದಲ್ಲೋ ಊರ ಜಾತ್ರೆಯಲ್ಲೋ ‘ಬ್ರೇಕ್ ಡ್ಯಾನ್ಸ್’ ಹತ್ತಿ ಇಳಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಎಲ್ಲವನ್ನೂ ಅದೃಷ್ಟಕ್ಕೆ ಬಿಡಲಾಗದು. ಅನೇಕ ಕೋಸ್ಟರ್‌ಗಳಲ್ಲಿ ಏರು ಹತ್ತುವಾಗ ಆಸನ ಅಲುಗದಂತೆ ಕೊಂಡಿ ಬಿದ್ದಿರುತ್ತದೆ, ನಡುದಾರಿಯಲ್ಲಿ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಿಲ್ದಾಣಕ್ಕೆ ಬರುವ ಮೊದಲು ಆಸನವನ್ನು ಮತ್ತೆ ನೇರ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಜನ ಇಳಿಯುವುದೇ ಕಷ್ಟ. ತಲೆಕೆಳಗಾಗುವ ಕೋಸ್ಟರ್‌ನಲ್ಲಿ ಸುತ್ತು ಮಿತಿಮೀರಿದರೆ ಸವಾರಿಯ ಗತಿ ನೆಟ್ಟಗಿರುವುದಿಲ್ಲ. ಅದಕ್ಕೇ ಟೈಮ್ ಟ್ರಾವೆಲರ್‌ನ ಗಾಡಿಗಳಲ್ಲಿ ಆಯಸ್ಕಾಂತದ ಕಡಿವಾಣವಿದೆ. ಆಯಸ್ಕಾಂತದ ಹತ್ತಿರ ಲೋಹ ಚಲಿಸಿದರೆ ಅದರೊಳಗೆ ವಿದ್ಯುತ್ ಸುಳಿಗಳೆದ್ದು ಆ ಚಲನೆಯನ್ನೇ ತಡೆಯುತ್ತವೆ. ಜೋರಾದಷ್ಟೂ ತಡೆ ಹೆಚ್ಚು. ಒಂದಕ್ಕೊಂದು ಉಜ್ಜುವುದಿಲ್ಲ, ಸವೆಯುವುದಿಲ್ಲ. ಎಷ್ಟು ಅಂದವಾದ ಪರಿಹಾರ!

ಡಿಸ್ನಿ ಇನ್ನೂ ಮುಂದೆ ಹೋಯಿತು. ಫ್ಲೋರಿಡಾದ ಎಪ್ಕಾಟ್‌ನಲ್ಲಿ 2022ರಲ್ಲಿ ಶುರುವಾದ ‘ಕಾಸ್ಮಿಕ್ ರಿವೈಂಡ್’ನಲ್ಲಿ ಗಾಡಿ ಯಾವಾಗ ಯಾವ ಕಡೆ ತಿರುಗಬೇಕೆಂಬುದು ಮೊದಲೇ ನಿಗದಿ. ಕಥೆಯ ದೃಶ್ಯ ಎಲ್ಲಿದೆಯೋ ಅತ್ತ ಮುಖ. ಕಥೆ ಹೇಳುವುದಕ್ಕೆ ಅದು ಸರಿಯೇ. ಆದರೆ ಮುಂದೇನಾಗುತ್ತದೋ ಎಂದು ಎದೆ ಝಲ್ಲೆನ್ನುವ ಸುಖ ತನ್ನಿಷ್ಟಕ್ಕೆ ಸುತ್ತುವ ಗಾಡಿಯಲ್ಲೇ ಹೆಚ್ಚು.

ಇಳಿದ ಮೇಲೂ ನೆಲ ತಿರುಗಿದಂತೆ ಅನಿಸುವುದು ಕಿವಿಯ ಕೆಲಸ. ಒಳಗಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗುತ್ತಲೇ ಇದ್ದರೆ ದ್ರವವೂ ಜೊತೆಗೆ ಹರಿಯತೊಡಗುತ್ತದೆ. ತಲೆ ನಿಂತರೂ ಅದು ತಕ್ಷಣ ನಿಲ್ಲುವುದಿಲ್ಲ. ಕಾಲು ನೆಲದ ಮೇಲಿದೆ, ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ, ಕಿವಿ ಮಾತ್ರ ಇನ್ನೂ ಸುತ್ತುತ್ತಿದ್ದೇವೆ ಎನ್ನುತ್ತದೆ. ಈ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ತಿರುಗುವಾಗ ತಲೆಯನ್ನು ಅತ್ತಿತ್ತ ಬಗ್ಗಿಸಿದರೆ ಇನ್ನೂ ಜಾಸ್ತಿ. ಆದ್ದರಿಂದ ತಲೆಯನ್ನು ಹಿಂದಿನ ಒರಗಿಗೆ ಒತ್ತಿ ಕೂರುವುದು ಲೇಸು. ಗರ್ಭಿಣಿಯರು, ಹೃದ್ರೋಗವಿರುವವರು, ಕುತ್ತಿಗೆ ಅಥವಾ ಬೆನ್ನಿನ ತೊಂದರೆಯಿರುವವರು ಹತ್ತಲೇಬಾರದು.

ಉಳಿದವರು ಜಾಗ ಆರಿಸಿಕೊಳ್ಳಬಹುದು. ಚೆನ್ನಾಗಿ ಸುತ್ತಬೇಕೆಂದರೆ ಮನೆಯ ತೂಕಸ್ಥರೆಲ್ಲ ಒಂದೇ ಬದಿಗೆ ಕೂರಲಿ, ಮಕ್ಕಳು ಇನ್ನೊಂದು ಬದಿಗೆ. ಸುತ್ತು ಕಡಿಮೆ ಸಾಕು ಎನ್ನುವವರು ಎರಡೂ ಬದಿಗೆ ತೂಕ ಸಮನಾಗಿ ಹಂಚಿಕೊಂಡು ಕೂತರೆ ಆಯಿತು.