ಮಾತು ತಡವಾದರೆ ಮಗು ದಡ್ಡ ಅಲ್ಲ!

"ಇವನಿಗೆ ಏನೂ ತಿಳಿಯಲ್ಲ ಬಿಡ್ರಿ!"

ಡೌನ್ ಸಿಂಡ್ರೋಮ್ ಇರುವ ಮಗುವಿನ ಎದುರೇ ಜನ ಆಡುವ ಮಾತಿದು. ಹೊನ್ನಾಳಿ ಸಂತೆಯಿರಲಿ, ಜಗಳೂರು ಬಸ್ಸಿರಲಿ, ರಾಗ ಒಂದೇ. ಅನೇಕ ಸಲ ಆ ಮಗುವಿಗೆ ಈ ಮಾತೂ ತಿಳಿದಿರುತ್ತದೆ! ಇಂಥ ಹೆಚ್ಚಿನ ಮಕ್ಕಳಲ್ಲಿ ತಿಳಿವಳಿಕೆ ಮುಂದೆ, ಮಾತು ಹಿಂದೆ.

'ಡೌನ್' ಅಂದರೆ ಕೀಳು ಅಂತಲ್ಲ. 1866ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಅವರ ಹೆಸರದು. ಜೀವಕೋಶದಲ್ಲಿ 46 ವರ್ಣತಂತು ಇರಬೇಕಾದಲ್ಲಿ ಸಾಮಾನ್ಯವಾಗಿ 47. 21ನೆಯದು ಒಂದು ಹೆಚ್ಚು. ಇದನ್ನು 1959ರಲ್ಲೇ ಫ್ರಾನ್ಸಿನ ವಿಜ್ಞಾನಿಗಳು ಪ್ರಕಟಿಸಿದರು. ಗ್ರಹಣಕ್ಕೂ ಶಾಪಕ್ಕೂ ಸಂಬಂಧವಿಲ್ಲ. ಸೊಸೆಯನ್ನು ಬೈಯುವವರು ಇದನ್ನು ಎರಡು ಸಲ ಓದಲಿ.

ಮೊದಲು ಕಿವಿ ತೋರಿಸಿ

ನಡುಗಿವಿಯಲ್ಲಿ ನೀರು ತುಂಬಿ ಕಿವಿ ಮಂದವಾಗುವುದು ಈ ಮಕ್ಕಳಲ್ಲಿ ಬಹಳ. ಅರ್ಧ ಕೇಳಿಸಿದ ಮಾತನ್ನು ಮಗು ಪೂರ್ತಿ ಆಡೀತು ಹೇಗೆ? ಕಣ್ಣು, ಹೃದಯ, ಥೈರಾಯಿಡ್ ಪರೀಕ್ಷೆಯೂ ಆಗಲೇಬೇಕು.

ಇವರಿಗೆ ಕೇಳಿದ್ದಕ್ಕಿಂತ ಕಂಡದ್ದು ಚೆನ್ನಾಗಿ ನೆನಪುಳಿಯುತ್ತೆ. 'ಬಾಳೆಹಣ್ಣು' ಅನ್ನುವಾಗ ಹಣ್ಣನ್ನೇ ತೋರಿಸಿ. ಆಮೇಲೆ ಚಿತ್ರ, ಆಮೇಲೆ ಅಕ್ಷರ. ಓದು ಕಲಿತರೆ ಮಾತಿಗೂ ಬಲ. ಕೈಸನ್ನೆ ಕಲಿಸಿದರೆ ಮಾತೇ ಬರಲ್ಲ ಅನ್ನೋದು ಸುಳ್ಳು. ಸನ್ನೆ ಮಾತಿಗೆ ಏಣಿ. ನ್ಯಾಮತಿ ಕಡೆಯ ತಾಂಡಾಗಳಂತೆ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ ಇದ್ದರೂ ಹೆದರಬೇಕಿಲ್ಲ. ಎರಡು ಭಾಷೆಯಿಂದ ಹಾನಿಯಿಲ್ಲ.

ಹಟವೋ, ಮಾತೋ?

'ಸದಾ ನಗುವ ಮಕ್ಕಳು', 'ಮಹಾ ಹಟಮಾರಿಗಳು'. ಎರಡೂ ಪೂರ್ತಿ ನಿಜವಲ್ಲ. ಜನರೆಂದರೆ ಪ್ರೀತಿ, ಹೌದು. ಆದರೆ ಒಬ್ಬ ಗಲಾಟೆಯವನು, ಇನ್ನೊಬ್ಬಳು ನಾಚಿಕೆಯವಳು. ಬಾಯಲ್ಲಿ ಹೇಳಲಾಗದ್ದು ಎಷ್ಟೋ ಸಲ ಹಟವಾಗಿ ಹೊರಬರುತ್ತೆ. ಕಷ್ಟದ ಪಾಠ ಬಂದಾಗ ಎದುರಿನವರನ್ನು ನಗಿಸಿ ಜಾರಿಕೊಳ್ಳುವ ಜಾಣರೂ ಇದ್ದಾರೆ! ಮುದ್ದು ಅಂತ ಬಿಟ್ಟರೆ ಪಾಠವೂ ಬಿಟ್ಟಂತೆ.

ಶಾಲೆ ಬೇಡ ಅನ್ನುವಂತಿಲ್ಲ

ಶೇಕಡಾ 40 ಅಥವಾ ಹೆಚ್ಚು ಅಂಗವಿಕಲತೆಯ ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೇ ಉಚಿತ ಶಿಕ್ಷಣ. ಇದು 2016ರ ಕಾಯ್ದೆ ಕೊಟ್ಟ ಹಕ್ಕು, ಯಾರ ಉಪಕಾರವೂ ಅಲ್ಲ. ಸಿ.ಆರ್.ಸಿ. ಎಂದು ಕರೆಯುವ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ ದಾವಣಗೆರೆಯಲ್ಲೇ ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಚನ್ನಗಿರಿಯ ಅಡಿಕೆ ಕೊಯ್ಲು ಮುಗಿಯಲಿ, ಜಗಳೂರಿಗೆ ಮಳೆ ಬರಲಿ ಅಂತ ಕಾಯುತ್ತಾ ಕೂತರೆ ಮಗುವಿನ ಕಲಿಯುವ ವಯಸ್ಸು ಕಾಯಲ್ಲ.

ಅಂಗಡಿ ಮಾಲೀಕರಿಗೂ ಒಂದು ಮಾತು. "ಏನು ಬೇಕು?" ಅಂತ ಅಮ್ಮನನ್ನಲ್ಲ, ಮಗುವನ್ನೇ ಕೇಳಿ. ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಬಾಯಿಂದ ಬರದಿದ್ದರೆ ಬೆರಳಾದರೂ ಪೆಪ್ಪರಮೆಂಟ್ ಡಬ್ಬಿ ತೋರಿಸೀತು. ಅದೂ ಉತ್ತರವೇ.